ಕಾರ್ಡಿನಲ್ಲಿ ಏನಂತ ಹಾಕೋಣ?

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. 22 ವರ್ಷ ಆಯಿತು. ಮದುವೆ ಕಾರ್ಡು, ಬಿಲ್ ಬುಕ್ಕು, ಗಣಪತಿ ಚಂದಾ ರಸೀದಿ, ಫ್ಲೆಕ್ಸು ಎಲ್ಲ ಮಾಡುತ್ತೇನೆ. ಮದುವೆಗೆ ಸೀಸನ್ ಇರುತ್ತದೆ, ಆಷಾಢ ಬಂತೆಂದರೆ ಕೈ ಖಾಲಿ. ಸಾವಿನ ಕೆಲಸಕ್ಕೆ ಸೀಸನ್ ಇಲ್ಲ. ಯಾವಾಗ ಬಂದರೂ ಅರ್ಜೆಂಟು.

ಹೋದ ತಿಂಗಳು ಒಬ್ಬ ಹುಡುಗ ಬಂದು ಹತ್ತು ಅಡಿಯ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿದ. ತಲೆಯ ಮೇಲೆ ‘ಶಿವೈಕ್ಯ’. ಫೋಟೋ ಕೆಳಗೆ ‘ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ’. ಅದರ ಕೆಳಗೆ ಗೆಳೆಯರ ಬಳಗದ ಫೋಟೋ ಸಾಲು, ದಪ್ಪಕ್ಷರದಲ್ಲಿ ‘ಮತ್ತೆ ಹುಟ್ಟಿ ಬಾ ಅಣ್ಣ’. ಪ್ರೂಫ್ ತೋರಿಸುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. “ತಮ್ಮಾ, ಶಿವನಲ್ಲಿ ಒಂದಾದ ಮೇಲೆ ಶಾಂತಿ ಸಿಗೋದಕ್ಕೆ ಬೇರೆ ಆತ್ಮ ಎಲ್ಲಿ ಉಳೀತು? ಶಾಂತಿ ಚಿರವಾಗಿ ಸಿಕ್ಕಿದ ಮೇಲೆ ಮತ್ತೆ ಹುಟ್ಟು ಅಂತ ಎಬ್ಬಿಸೋದು ಯಾಕೆ?” ಅಂದೆ. ಅವನು ಒಂದು ಕ್ಷಣ ಸ್ಕ್ರೀನ್ ನೋಡಿದ. “ಮೂರೂ ಇರಲಿ ಬಿಡ್ರಿ ಸರ್, ಯಾವುದು ಆಗುತ್ತೋ ಯಾರಿಗೆ ಗೊತ್ತು” ಅಂದ.

ಇದಕ್ಕಿಂತ ಪ್ರಾಮಾಣಿಕ ಉತ್ತರವನ್ನು ನಾನು ಯಾವ ಪ್ರವಚನದಲ್ಲೂ ಕೇಳಿಲ್ಲ.

ನನ್ನ ಕಂಪ್ಯೂಟರಿನಲ್ಲಿ ಈ ಪದಗಳದ್ದೇ ಒಂದು ಫೈಲು ಇದೆ. ಲಿಂಗಾಯತರಿಗೆ ಶಿವಗಣಾರಾಧನೆ, ಬ್ರಾಹ್ಮಣರಿಗೆ ವೈಕುಂಠ ಸಮಾರಾಧನೆ, ಉಳಿದವರಿಗೆ ಉತ್ತರಕ್ರಿಯೆ, ಕೈಲಾಸ ಸಮಾರಾಧನೆ, ಪುಣ್ಯಸ್ಮರಣೆ. ಕ್ರೈಸ್ತರು ಬಂದರೆ ‘ಪ್ರಭುವಿನಲ್ಲಿ ನಿದ್ರೆ ಹೋದರು’. ಗಿರಾಕಿ ಹೆಸರು ಹೇಳುತ್ತಿದ್ದಂತೆ ಯಾವ ಪರಲೋಕ ಹಾಕಬೇಕು ಅಂತ ಕೈಗೇ ಗೊತ್ತಾಗುತ್ತದೆ. ‘ಸತ್ತರು’ ಅಂತ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ ಬರೆಸಿಲ್ಲ.

ನನಗೆ ಆತ್ಮದಲ್ಲಿ ನಂಬಿಕೆ ಇಲ್ಲ. ಕಾಲೇಜಿನ ದಿನಗಳಲ್ಲೇ ಹೋಗಿತ್ತು. ಆಗ ಅದು ಸುಮ್ನೆ ವಾದಕ್ಕೆ ಬೇಕಾದ ಮಾತು, ಟೀ ಅಂಗಡಿಯಲ್ಲಿ ಗೆಲ್ಲೋದಕ್ಕೆ. ಅದು ಗಟ್ಟಿಯಾಗಿದ್ದು ನಮ್ಮವ್ವನಿಗೆ ಮರೆವಿನ ಕಾಯಿಲೆ ಬಂದಮೇಲೆ.

ಮೊದಲು ಒಲೆ ಮೇಲಿಟ್ಟ ಹಾಲು ಮರೆತಳು. ವಯಸ್ಸಾಯ್ತು ಅಂದುಕೊಂಡೆವು. ಆಮೇಲೆ ಮೊಮ್ಮಕ್ಕಳ ಹೆಸರು. ಆಮೇಲೆ ನಾನು. ನನ್ನನ್ನು ‘ಕರೆಂಟ್ ಬಿಲ್ಲಿನವನು’ ಅಂದುಕೊಂಡು ದುಡ್ಡು ಹುಡುಕುತ್ತಿದ್ದಳು. ಕೊನೆಗೆ ಅಪ್ಪ ತೀರಿಕೊಂಡಿದ್ದೂ ಮರೆತುಹೋಯಿತು. ಸಂಜೆ ಆದರೆ “ಮಿಲ್ಲಿನ ಸೈರನ್ ಆಯ್ತು, ಇನ್ನೂ ಬರಲಿಲ್ಲ” ಅಂತ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಮೊದಮೊದಲು ಅಕ್ಕ ನಿಜ ಹೇಳುತ್ತಿದ್ದಳು. ಅವ್ವ ಪ್ರತಿಸಲವೂ ಹೊಸದಾಗಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಆಮೇಲೆ ನಾವು “ಓವರ್‌ಟೈಮ್ ಇದೆಯಂತೆ” ಅನ್ನೋದು ಕಲಿತೆವು. ಎಂದೂ ಕೆಟ್ಟ ಮಾತಾಡದವಳು ಅಕ್ಕನಿಗೆ ಕೇಳಬಾರದ ಮಾತು ಬೈಯುತ್ತಿದ್ದಳು.

ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ನೆನಪು ಕೂಡಿಡುವ ಭಾಗ ಎರಡೂ ಕಡೆ ಸೊರಗಿತ್ತು. ದಿನಾ ಫೋಟೋ ನೋಡುವ ಕಣ್ಣು ನನ್ನದು, ಒಮ್ಮೆಗೇ ಗೊತ್ತಾಯಿತು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೈಮರ್ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ತನ್ನೊಬ್ಬಳು ರೋಗಿಯ ಮೆದುಳನ್ನು, ಆಕೆ ಸತ್ತಮೇಲೆ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಬದುಕಿದ್ದಾಗ ಆಕೆಗೆ ತನ್ನ ಹೆಸರು ಬರೆಯಲು ಹೇಳಿದರೆ ಅರ್ಧಕ್ಕೆ ನಿಲ್ಲಿಸಿ, “ನನ್ನನ್ನೇ ನಾನು ಕಳೆದುಕೊಂಡಿದ್ದೇನೆ” ಅಂದಿದ್ದಳಂತೆ.

ನನ್ನ ಪ್ರಶ್ನೆ ಇಷ್ಟೇ. ಇಡೀ ಮೆದುಳು ಮಣ್ಣಾದ ಮೇಲೂ ಹೆಸರು, ನೆನಪು, ಪಾಪ ಪುಣ್ಯ ಎಲ್ಲ ಹೊತ್ತುಕೊಂಡು ಹೋಗುವ ವಸ್ತು ಒಳಗೆ ಇದ್ದಿದ್ದರೆ, ಮೆದುಳಿನ ಒಂದು ಮೂಲೆ ಸೊರಗಿದ್ದಕ್ಕೆ ಅವ್ವನಿಗೆ ಮಗನ ಗುರುತು ಯಾಕೆ ಹೋಗಬೇಕಿತ್ತು?

ನಮ್ಮ ದೊಡ್ಡಪ್ಪ ಇದಕ್ಕೆ ಒಂದು ಉತ್ತರ ಕೊಟ್ಟರು. “ಗಾಡಿ ಕೆಟ್ಟೈತಪಾ, ಡ್ರೈವರ್ ಕೆಟ್ಟಿಲ್ಲ.” ಚೆನ್ನಾಗಿದೆ ಮಾತು. ನಾನೂ ಒಂದು ವಾರ ಅದನ್ನೇ ಹಿಡಿದು ಸಮಾಧಾನ ಮಾಡಿಕೊಂಡೆ. ಆದರೆ ಹರಿಹರದ ದಾರೀಲಿ ಗಾಡಿ ಕೆಟ್ಟು ನಿಂತರೆ ಡ್ರೈವರ್ ಕೆಳಗಿಳಿದು ಗೊಣಗುತ್ತಾನೆ, ಫೋನ್ ಮಾಡುತ್ತಾನೆ, ತಾನು ಎಲ್ಲಿಗೆ ಹೊರಟಿದ್ದೆ ಅಂತ ಅವನಿಗೆ ಗೊತ್ತಿರುತ್ತದೆ. ನಮ್ಮವ್ವನ ವಿಷಯದಲ್ಲಿ ಡ್ರೈವರೇ ಊರು ಮರೆತಿದ್ದ. ಹಾಗಲಕಾಯಿ ಮುಟ್ಟದವಳು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದಳು. ಗಾಡಿ ಕೆಟ್ಟರೆ ಡ್ರೈವರನ ನಾಲಿಗೆ ರುಚಿ ಬದಲಾಗುತ್ತಾ?

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ವಾದ ಗೆದ್ದ ಹಾಗೆ. ಆದರೆ ಒಂದು ಸಂಜೆಯ ವಿಷಯ ಮುಚ್ಚಿಟ್ಟು ಗೆಲ್ಲೋದು ಸರಿಯಲ್ಲ.

ಹೋಗುವ ಎಂಟು ದಿನ ಮುಂಚೆ. ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅವ್ವ ಮಂಚದ ಮೇಲಿಂದ ನನ್ನ ಮನೆ ಹೆಸರು ಹಿಡಿದು ಕೂಗಿದಳು. ಮೂರು ವರ್ಷದಲ್ಲಿ ಮೊದಲ ಸಲ. “ಅಂಗಡಿ ಬಾಗ್ಲು ಹಾಕ್ಕೊಂಡ್ ಬಂದ್ಯೇನೋ? ಉಂಡ್ಯಾ?” ಅಂದಳು. ಅಕ್ಕ ಅಡುಗೆಮನೆಯಿಂದ ಓಡಿ ಬಂದಳು. ಅಕ್ಕನ ಕೈ ನೋಡಿ “ಬಳೆ ಯಾಕ್ ಸವದಾವು?” ಅಂದಳು. ನರ್ಗೀಸ್ ಮಂಡಕ್ಕಿ ಬೇಕು ಅಂದಳು. ನಾನು ಗಾಡಿ ತೆಗೆದುಕೊಂಡು ಹೋಗಿ ತರುವಷ್ಟರಲ್ಲಿ ಮತ್ತೆ ಹೊರಟುಹೋಗಿದ್ದಳು. ಪೊಟ್ಟಣ ಬಿಚ್ಚಿದರೆ ನನ್ನನ್ನು ಕರೆಂಟ್ ಬಿಲ್ಲಿನವನನ್ನು ನೋಡಿದ ಹಾಗೆ ನೋಡಿದಳು. ಒಟ್ಟು ಇಪ್ಪತ್ತು ನಿಮಿಷ ಇದ್ದಿರಬಹುದು. ಆ ಇಪ್ಪತ್ತು ನಿಮಿಷದಲ್ಲಿ ಹತ್ತು ನಿಮಿಷ ನಾನು ಮಂಡಕ್ಕಿ ತರಲು ಹೋಗಿದ್ದೆ.

ಪಕ್ಕದ ಮನೆಯ ಅಜ್ಜಿ “ದೀಪ ಆರೋ ಮುಂಚೆ ಹಂಗೇ ಉರಿಯೋದು” ಅಂದಳು. ಆಮೇಲೆ ಓದಿದೆ, ಇದು ನಮ್ಮವ್ವ ಒಬ್ಬಳ ಕಥೆ ಅಲ್ಲ. ವರ್ಷಗಟ್ಟಲೆ ಮಂಕಾಗಿದ್ದವರು ಸಾವಿಗೆ ಹತ್ತಿರವಾದಾಗ ಒಮ್ಮೆಗೇ ತಿಳಿಯಾಗಿ ಮಾತಾಡಿದ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ. 2009ರಲ್ಲಿ ಮಿಖಾಯೆಲ್ ನಾಮ್ ಎಂಬ ಜರ್ಮನ್ ಸಂಶೋಧಕ ಇದಕ್ಕೊಂದು ಹೆಸರನ್ನೂ ಇಟ್ಟ. ಹೇಗಾಗುತ್ತದೆ ಅನ್ನೋದು ಇನ್ನೂ ಬಿಡಿಸಿದ ಗಂಟಲ್ಲ. ದೊಡ್ಡಪ್ಪ ಇದನ್ನು ಹಿಡಿದುಕೊಂಡು “ನೋಡಿದ್ಯಾ, ಡ್ರೈವರ್ ಅಲ್ಲೇ ಇದ್ದ” ಅಂದಾಗ ನನಗೆ ಬಾಯಿ ಬರಲಿಲ್ಲ.

ತಿಂಗಳುಗಟ್ಟಲೆ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಹೀಗೆ. ಅವ್ವನ ನೆನಪು ಅಳಿಸಿ ಹೋಗಿರಲಿಲ್ಲ. ದಾರಿ ಮುಚ್ಚಿತ್ತು. ಹಾರ್ಡ್‌ಡಿಸ್ಕ್ ಕೆಟ್ಟಾಗ ನಾವು ನೋಡುತ್ತೇವಲ್ಲ, ಫೈಲು ಒಳಗೇ ಇರುತ್ತದೆ, ತೆರೆಯುವುದಿಲ್ಲ, ಒಮ್ಮೊಮ್ಮೆ ಏನಾಗುತ್ತೋ ಒಂದು ಸಲ ತೆರೆದುಕೊಂಡುಬಿಡುತ್ತದೆ. ಸಾಯುವ ಮೆದುಳು ಸುಮ್ಮನೆ ಆರಿಹೋಗುವುದಿಲ್ಲ ಅನ್ನೋದಕ್ಕೆ ಸುಳಿವೂ ಸಿಕ್ಕಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಿಮೊ ಬೋರ್ಜಿಗಿನ್ ತಂಡ 2013ರಲ್ಲಿ ಇಲಿಗಳ ಹೃದಯ ನಿಲ್ಲಿಸಿ ನೋಡಿದಾಗ, ಆಮೇಲಿನ ಕೆಲವು ಸೆಕೆಂಡು ಮೆದುಳಿನ ವಿದ್ಯುತ್ ಚಟುವಟಿಕೆ ಕಡಿಮೆಯಾಗುವ ಬದಲು ಜೋರಾಗಿತ್ತು. 2023ರಲ್ಲಿ ಅದೇ ತಂಡ, ವೆಂಟಿಲೇಟರ್ ತೆಗೆದ ನಾಲ್ವರು ರೋಗಿಗಳ ದಾಖಲೆ ನೋಡಿ ಇಬ್ಬರಲ್ಲಿ ಅಂಥದ್ದೇ ಏರಿಕೆ ಕಂಡಿತು. ನಾಲ್ವರಲ್ಲಿ ಇಬ್ಬರು. ಇದರ ಮೇಲೆ ದೊಡ್ಡ ಮನೆ ಕಟ್ಟಲಾಗದು. ಆದರೆ ಅಜ್ಜಿ ಹೇಳಿದ ದೀಪದ ಮಾತು ಮೆದುಳಿಗೂ ಒಪ್ಪುತ್ತದೆ, ಆತ್ಮವೇ ಬೇಕು ಅಂತಿಲ್ಲ.

ಇನ್ನು ವಾಟ್ಸಾಪ್‌ನಲ್ಲಿ ಬರೋ ‘ಆತ್ಮದ ತೂಕ 21 ಗ್ರಾಂ’ ಕಥೆ. ತಿಂಗಳಿಗೊಬ್ಬ ಗಿರಾಕಿಯಾದರೂ ಇದನ್ನು ನನಗೆ ಹೇಳುತ್ತಾನೆ. ಡಂಕನ್ ಮ್ಯಾಕ್‌ಡೂಗಲ್ ಎಂಬ ಅಮೆರಿಕದ ವೈದ್ಯ ಸಾಯುತ್ತಿದ್ದ ರೋಗಿಗಳನ್ನು ಮಂಚದ ಸಮೇತ ತೂಕದ ಯಂತ್ರದ ಮೇಲಿಟ್ಟ. 1907ರಲ್ಲಿ ಪ್ರಕಟಿಸಿದ. ರೋಗಿಗಳು ಬರೀ ಆರು ಜನ. ಅದರಲ್ಲಿ ಇಬ್ಬರ ಲೆಕ್ಕವನ್ನು ಅವನೇ ಬಿಟ್ಟ. 21 ಗ್ರಾಂ ಬಂದಿದ್ದು ಒಬ್ಬನದು ಮಾತ್ರ, ಉಳಿದವರದು ಒಂದಕ್ಕೊಂದು ತಾಳೆ ಇಲ್ಲ. ಆಮೇಲೆ 15 ನಾಯಿಗಳನ್ನು ತೂಗಿ, ತೂಕ ಇಳಿಯಲಿಲ್ಲ, ಆದ್ದರಿಂದ ನಾಯಿಗೆ ಆತ್ಮ ಇಲ್ಲ ಅಂದ. ನಮ್ಮ ಎಪಿಎಂಸಿಯಲ್ಲಿ ಹೀಗೆ ತೂಕ ಮಾಡಿದರೆ ರೈತರು ಸುಮ್ಮನೆ ಬಿಡುತ್ತಾರಾ?

ಆಸ್ಪತ್ರೆಯಲ್ಲಿ ‘ಮೇಲಿಂದ ನನ್ನ ದೇಹವನ್ನೇ ನೋಡಿದೆ’ ಅನ್ನುವವರ ಮಾತು ಇದಕ್ಕಿಂತ ಗಟ್ಟಿ. ಅವರು ಸುಳ್ಳು ಹೇಳುತ್ತಾರೆ ಅಂತ ನಾನು ಅನ್ನುವುದಿಲ್ಲ. ಇದನ್ನು ಪರೀಕ್ಷೆ ಮಾಡಲು ಸ್ಯಾಮ್ ಪಾರ್ನಿಯಾ ಎಂಬ ವೈದ್ಯ ಒಳ್ಳೇ ಉಪಾಯ ಹುಡುಕಿದ. ಸೂರಿನ ಹತ್ತಿರ ಹಲಗೆ ಹೊಡೆದು, ಮೇಲಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಚಿತ್ರ ಇಟ್ಟ. 15 ಆಸ್ಪತ್ರೆ, 2,060 ಹೃದಯಸ್ತಂಭನದ ಪ್ರಕರಣ, 2014ರಲ್ಲಿ ಫಲಿತಾಂಶ. ಬದುಕುಳಿದು ಮಾತಾಡುವ ಸ್ಥಿತಿಯಲ್ಲಿ ಸಿಕ್ಕವರು 140 ಜನ. ಸುತ್ತ ನಡೆದದ್ದನ್ನು ಸರಿಯಾಗಿ ಹೇಳಿದವನು ಒಬ್ಬ ಇದ್ದ. ಅವನಿದ್ದ ಕೋಣೆಯಲ್ಲಿ ಹಲಗೆಯೇ ಇರಲಿಲ್ಲ! ಚಿತ್ರ ನೋಡಿದೆ ಅಂದವರು ಯಾರೂ ಇಲ್ಲ. ಪುನರ್ಜನ್ಮದ ಮೇಲೂ, ಅಂದರೆ ಹಿಂದಿನ ಜನ್ಮದ ಮನೆ ನೆನಪಿದೆ ಅನ್ನುವ ಮಕ್ಕಳ ಮೇಲೆ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಸತ್ವಂತ್ ಪಸ್ರಿಚಾ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಅಮೆರಿಕದ ಇಯಾನ್ ಸ್ಟೀವನ್ಸನ್ ಜೊತೆಗೂಡಿ. ಶ್ರಮಕ್ಕೆ ಗೌರವ ಇದೆ. ಆದರೆ ಸಂಶೋಧಕರು ತಲುಪುವ ಹೊತ್ತಿಗೆ ಎಷ್ಟೋ ಸಲ ಎರಡೂ ಮನೆಯವರು ಕೂತು ಮಾತಾಡಿ ಮುಗಿಸಿರುತ್ತಾರೆ. ಮಗು ಹೇಳಿದ್ದೆಷ್ಟು, ದೊಡ್ಡವರು ಸೇರಿಸಿದ್ದೆಷ್ಟು, ಬೇರ್ಪಡಿಸೋದು ಹೇಗೆ?

ಪುನರ್ಜನ್ಮ ಅಂದರೆ ನನಗೆ ಸಿಟ್ಟು ಬರೋದಕ್ಕೆ ಬೇರೆ ಕಾರಣ ಇದೆ. ಅಪ್ಪ ಹೋದಾಗ ಕಣ್ಣು ದಾನ ಮಾಡಬೇಕು ಅಂತ ನಾನೂ ಅಕ್ಕನೂ ಅಂದೆವು. ಅಪ್ಪನೇ ಹೇಳಿದ್ದರು. ಸತ್ತ ಆರು ತಾಸಿನ ಒಳಗೆ ತೆಗೆಯಬೇಕು. ಹಿರಿಯರೊಬ್ಬರು “ಮುಂದಿನ ಜನ್ಮದಾಗೆ ಕುರುಡಾಗಿ ಹುಟ್ತಾನೆ” ಅಂದರು. ಅದೇ ಹಿರಿಯರು ಕಾರ್ಡಿಗೆ ‘ಶಿವೈಕ್ಯ’ ಅಂತ ಬರೆಸಿದ್ದು. ಶಿವೈಕ್ಯನಾದವನಿಗೆ ಮುಂದಿನ ಜನ್ಮ ಯಾವುದು ಸ್ವಾಮಿ? ಕೇಳಲು ಧೈರ್ಯ ಸಾಲಲಿಲ್ಲ. ಆ ಮಾತು ಈ ಮಾತು ಅನ್ನುವಷ್ಟರಲ್ಲಿ ಹೊತ್ತು ಮೀರಿತು. ವಿಭೂತಿ ಹಚ್ಚಿ, ಕೂರಿಸಿ, ಆ ಎರಡು ಕಣ್ಣನ್ನೂ ಮಣ್ಣಿಗೇ ಕೊಟ್ಟೆವು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ನಾಲ್ವರಿಗೆ ಬೆಳಕು ಕೊಟ್ಟ ಸುದ್ದಿ ಬಂದ ದಿನ ನಾನು ಅಂಗಡಿ ಬೇಗ ಮುಚ್ಚಿದೆ. ಪುನೀತ್‌ಗೋಸ್ಕರ ಅಂತ ಎಲ್ಲರೂ ಅಂದುಕೊಂಡರು. ಅರ್ಧ ನಿಜ.

ಅವ್ವ ಹೋದ ಮೇಲೆ ಒಂದು ಭಾನುವಾರ ಮೊಳಕಾಲ್ಮೂರು ಕಡೆ ಹೋಗಿದ್ದೆ, ಬ್ರಹ್ಮಗಿರಿಗೆ. (1997ರವರೆಗೆ ದಾವಣಗೆರೆಯವರೂ ಚಿತ್ರದುರ್ಗ ಜಿಲ್ಲೆಯವರೇ, ಹಾಗಾಗಿ ನಮ್ಮೂರು ಅಂತಲೇ ಲೆಕ್ಕ.) ಅಲ್ಲಿ ಅಶೋಕನ ಶಾಸನ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಅದರಲ್ಲಿ ಸ್ವರ್ಗದ ಮಾತು ಬರುತ್ತದೆ. ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಅಂತ. ನನಗೆ ನಗು ಬಂತು. ಶಾಶ್ವತವಾದ ಆತ್ಮ ಇಲ್ಲ ಅಂದ ಬುದ್ಧನ ದಾರಿ ಹಿಡಿದ ರಾಜ, ಜನರಿಗೆ ಹೇಳುವಾಗ ಸ್ವರ್ಗ ಅಂತಲೇ ಬರೆಸಿದ. ಗಿರಾಕಿಗೆ ಅರ್ಥವಾಗುವ ಪದ ಹಾಕಬೇಕಲ್ವಾ! ಕೊನೆಯಲ್ಲಿ ಕೆತ್ತಿದವನ ಸಹಿ: ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕಾರ’ ಅನ್ನುವ ಒಂದು ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ದೂರದ ವಾಯವ್ಯ ದೇಶದ ಲಿಪಿ ಅದು. ನನ್ನ ಕಸುಬಿನವನು. ರಾಜನ ಮ್ಯಾಟರ್ ಮುಗಿಸಿ ಮೂಲೆಯಲ್ಲಿ ತನ್ನ ಅಂಗಡಿ ಹೆಸರು ಹಾಕಿಕೊಂಡಿದ್ದಾನೆ, ನಾನು ಫ್ಲೆಕ್ಸಿನ ತುದಿಗೆ ಫೋನ್ ನಂಬರ್ ಹಾಕಿದ ಹಾಗೆ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕಬ್ಬಿಣದ ಕಾಲದ ಸಮಾಧಿಗಳು ಸಿಕ್ಕಿದ್ದವು. ಚಪ್ಪಡಿ ಕಲ್ಲಿನ ಪೆಟ್ಟಿಗೆ, ಒಂದು ಚಪ್ಪಡಿಗೆ ದುಂಡನೆಯ ತೂತು. ಒಳಗೆ ಮೂಳೆಯ ಜೊತೆ ಮಡಕೆಗಳು, ಕಬ್ಬಿಣದ ಸಾಮಾನು. ಆ ತೂತು ಯಾಕೆ ಅಂತ ಸಮಾಧಿ ಕಟ್ಟಿದವರು ಬರೆದಿಟ್ಟಿಲ್ಲ, ಅವರಿಗೆ ಬರಹ ಇರಲಿಲ್ಲ. ನನಗೆ ಮಾತ್ರ ಆ ಮಡಕೆ ನೆನೆದರೆ ನಮ್ಮ ಅಕ್ಕ ಎಡೆ ಬಡಿಸೋದೇ ಕಣ್ಣಿಗೆ ಬರುತ್ತದೆ.

ಅವ್ವನ ಕಾರ್ಡಿನ ವಿಷಯ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಂಗಡಿಯಲ್ಲಿ ಕೂತು ನಾನೇ ಟೈಪ್ ಮಾಡಿದೆ. ಎಷ್ಟು ಸಾವಿರ ಜನಕ್ಕೆ ಕಣ್ಣುಮುಚ್ಚಿ ಪರಲೋಕ ಕೊಟ್ಟ ಕೈ ಅಲ್ಲಿ ನಿಂತುಬಿಟ್ಟಿತು. ‘ತೀರಿಕೊಂಡರು’ ಅಂತ ಹೊಡೆದೆ. ಅಣ್ಣ ನೋಡಿ “ಸಾಲ ತೀರಿದಂಗೆ ಐತಲ್ಲೋ” ಅಂದ. ‘ಅಗಲಿದರು’ ಅಂದರೆ ಎಲ್ಲಿಗೆ? ‘ಇನ್ನಿಲ್ಲ’ ಅಂದರೆ ಪೇಪರಿನ ಹೆಡ್ಡಿಂಗು. ಕೊನೆಗೆ ಅಣ್ಣನ ಮುಖ ನೋಡಿ ‘ಶಿವೈಕ್ಯರಾದರು’ ಅಂತಲೇ ಹಾಕಿದೆ. ಕಾರ್ಡು ನನ್ನೊಬ್ಬನದಲ್ಲ. ‘ಆತ್ಮಕ್ಕೆ ಶಾಂತಿ’ ಸಾಲು ಮಾತ್ರ ತೆಗೆದೆ. ಯಾರೂ ಗಮನಿಸಲಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆಗೆ ಅಕ್ಕ ಅವ್ವನಿಗೆ ಎಡೆ ಇಟ್ಟಳು. ಲಿಂಗೈಕ್ಯರಿಗೆ ಎಡೆ ಯಾಕೆ ಅಂತ ನಾನು ಕೇಳಲಿಲ್ಲ. ಹೋಳಿಗೆ, ಅನ್ನ, ಹೊಸ ಸೀರೆ, ಒಂದು ಬಟ್ಟಲು ನರ್ಗೀಸ್ ಮಂಡಕ್ಕಿ. ಮಂಡಕ್ಕಿ ಹಿಂದಿನ ಸಂಜೆ ನಾನೇ ತಂದುಕೊಟ್ಟಿದ್ದು. ಮಧ್ಯಾಹ್ನ ಅಂಗಡಿಯಲ್ಲಿ ಒಂದು ಪ್ರೂಫ್ ತಿದ್ದುತ್ತಿದ್ದಾಗ ಅವಳ ಫೋನ್ ಬಂತು. ನನ್ನ ಬಾಯಿಂದ ಬಂದ ಮೊದಲ ಮಾತು, “ಕಾಗೆ ಬಂತಾ?”

“ಕಾಗೆ ಎಲ್ಲಿ ಅದಾವೋ ಈ ಊರಾಗೆ. ತಾರಸಿ ತುಂಬಾ ಪಾರಿವಾಳ. ಅವೇ ಬಂದು ಮಂಡಕ್ಕಿ ಎಲ್ಲಾ ತಿಂದ್ವು. ನಡೀತೈತಾ?”

“ನಡೀತೈತಿ ಬಿಡಕ್ಕ” ಅಂದೆ.