ಗೇಮ್‌ಗಳಲ್ಲಿ ಕೆಲ್ಟರು: ಇದ್ದ ಹಾಗೇ ತೋರಿಸಬೇಕೇ?

ಪರ

ಕೆಲ್ಟರು ಅಂದರೆ ಹಳೆಯ ಕಾಲದಲ್ಲಿ ಯುರೋಪಿನಲ್ಲಿ ಹರಡಿಕೊಂಡಿದ್ದ ಬುಡಕಟ್ಟುಗಳು. ನಮ್ಮಲ್ಲಿ ಬಹಳ ಜನ ಈ ಹೆಸರನ್ನು ಮೊದಲು ಕಂಡದ್ದೇ ‘ಏಜ್ ಆಫ್ ಎಂಪೈರ್ಸ್ 2’ ಎಂಬ ಕಂಪ್ಯೂಟರ್ ಆಟದಲ್ಲಿ. ನಾನೂ ಹಾಗೇ. ಆಟ ಕಲಿಸಿಕೊಡುವ ಮೊದಲ ಕ್ಯಾಂಪೇನ್ ಸ್ಕಾಟ್ಲೆಂಡಿನ ವೀರ ವಿಲಿಯಂ ವಾಲೇಸ್‌ನದು. ಅಲ್ಲಿ ಕೆಲ್ಟರ ವಿಶೇಷ ಯೂನಿಟ್ ವೋಡ್ ರೈಡರ್, ಅಂದರೆ ಮೈಗೆಲ್ಲ ನೀಲಿ ಬಳಿದುಕೊಂಡು ನುಗ್ಗುವ ಕಾಲಾಳು. ವಾಲೇಸ್ ಸತ್ತದ್ದು 1305ರಲ್ಲಿ. ಬ್ರಿಟನ್ನಿನವರು ಮೈಗೆ ನೀಲಿ ಬಳಿದುಕೊಳ್ಳುತ್ತಾರೆ ಎಂದು ರೋಮಿನ ಸೇನಾಪತಿ ಜೂಲಿಯಸ್ ಸೀಸರ್ ಬರೆದದ್ದು ಅದಕ್ಕೆ ಸುಮಾರು 1,350 ವರ್ಷ ಮೊದಲು. ಎರಡನ್ನೂ ಒಂದೇ ಚಿತ್ರದೊಳಗೆ ತುರುಕಿದರೆ, ಈ ಜನ ಸಾವಿರ ವರ್ಷ ಕಳೆದರೂ ಒಂದಿಷ್ಟೂ ಬದಲಾಗಲಿಲ್ಲ ಅನ್ನುವ ಭಾವನೆ ಆಡುವವರ ಮನಸ್ಸಿಗೆ ಇಳಿದುಬಿಡುತ್ತದೆ. ನನಗಂತೂ ಹಾಗೇ ಆಗಿತ್ತು. ವರ್ಷಗಟ್ಟಲೆ ಅದನ್ನೇ ನಂಬಿದ್ದೆ.

ಆಟ ಮಾಡುವಾಗ ತಪ್ಪು ಆಗುತ್ತದೆ, ಸರಿ. ಆದರೆ ಈ ತಪ್ಪುಗಳು ಯಾವಾಗಲೂ ಒಂದೇ ಕಡೆಗೆ ವಾಲುತ್ತವೆ. ಕೆಲ್ಟರು ಕಾಡುಜನ, ರೋಮನ್ನರು ನಾಗರಿಕರು. 2004ರ ‘ರೋಮ್: ಟೋಟಲ್ ವಾರ್’ ನೋಡಿ. ಗಾಲರಾಗಿ, ಅಂದರೆ ಇಂದಿನ ಫ್ರಾನ್ಸಿನ ಕಡೆಯ ಕೆಲ್ಟರಾಗಿ ಆಡಿದರೆ ಕಲ್ಲಿನ ಕೋಟೆ ಕಟ್ಟಲು ಬರುವುದೇ ಇಲ್ಲ. ಊರು ಒಂದು ಮಟ್ಟ ಮುಟ್ಟಿದ ಮೇಲೆ ಬೆಳೆಯುವುದನ್ನೂ ನಿಲ್ಲಿಸುತ್ತದೆ. ಆದರೆ ಗಾಲರ ಕೋಟೆಯನ್ನು ಮೆಚ್ಚಿ ಬರೆದವನು ಅವರ ಶತ್ರು ಸೀಸರನೇ. ಕ್ರಿ.ಪೂ. 52ರಲ್ಲಿ ಅವಾರಿಕಂ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅದನ್ನು ಹತ್ತಿರದಿಂದ ನೋಡಿದ್ದ. ಉದ್ದುದ್ದ ಮರದ ತೊಲೆಗಳನ್ನು ಸಾಲಾಗಿ ಇಟ್ಟು, ಒಳಗೆ ಮಣ್ಣು ತುಂಬಿ, ಹೊರಮೈಯಲ್ಲಿ ತೊಲೆಗಳ ನಡುವೆ ದೊಡ್ಡ ಕಲ್ಲು ಕೂರಿಸುತ್ತಿದ್ದರು. ಕಲ್ಲಿನಿಂದಾಗಿ ಬೆಂಕಿ ತಗಲುತ್ತಿರಲಿಲ್ಲ. ಒಳಗಿನ ಮರದಿಂದಾಗಿ, ದಿಮ್ಮಿಯಿಂದ ಎಷ್ಟು ಗುದ್ದಿದರೂ ಗೋಡೆ ಒಡೆಯುತ್ತಿರಲಿಲ್ಲ. ಜರ್ಮನಿಯ ಮಾನ್ಚಿಂಗ್‌ನಲ್ಲಿ ಇಂಥ ಗೋಡೆ ಸುಮಾರು 7 ಕಿ.ಮೀ. ಸುತ್ತಿಬಂದು 380 ಹೆಕ್ಟೇರ್ ಜಾಗವನ್ನು ಒಳಗೆ ಇಟ್ಟುಕೊಂಡಿತ್ತು. ಆ ಗೋಡೆಯ ಒಳಗೆ ನಾಣ್ಯ ಅಚ್ಚು ಹಾಕುತ್ತಿದ್ದರು, ಗಾಜಿನ ಬಳೆ ಮಾಡುತ್ತಿದ್ದರು. ಅಷ್ಟೇಕೆ, ರೋಮನ್ ಸೈನಿಕ ಹೆಮ್ಮೆಯಿಂದ ತೊಡುವ ಕಬ್ಬಿಣದ ಕೊಂಡಿಗಳ ಕವಚ ಬಂದದ್ದು ಗಾಲರಿಂದ ಎಂದು ರೋಮಿನ ವಿದ್ವಾಂಸ ವಾರೋ ಹೇಳಿದ್ದಾನೆ.

ನನಗೆ ಜಾಸ್ತಿ ಬೇಸರ ತರಿಸುವುದು ಅದೇ ಆಟದ ಹೆಡ್ ಹರ್ಲರ್ ಪಡೆ. ಇವರು ಕಡಿದ ತಲೆಗಳನ್ನು ಶತ್ರುಗಳ ಮೇಲೆ ಎಸೆಯುತ್ತಾರೆ. ಕೆಲ್ಟರು ಯುದ್ಧದಲ್ಲಿ ತಲೆ ಕಡಿದು ಒಯ್ಯುತ್ತಿದ್ದದ್ದು ನಿಜ. ಆದರೆ ಒಯ್ದು ಏನು ಮಾಡುತ್ತಿದ್ದರು? ಹೆಸರಾಂತ ಶತ್ರುವಿನ ತಲೆಯನ್ನು ಸೀಡರ್ ಮರದ ಎಣ್ಣೆಯಲ್ಲಿ ಕೆಡದಂತೆ ಕಾಪಾಡಿ, ಮನೆಗೆ ಬಂದವರಿಗೆ ತೋರಿಸುತ್ತಿದ್ದರು, ಅಷ್ಟೇ ತೂಕದ ಚಿನ್ನ ಕೊಡುತ್ತೇವೆಂದರೂ ಬಿಟ್ಟುಕೊಡುತ್ತಿರಲಿಲ್ಲ ಎಂದು ಗ್ರೀಕ್ ಲೇಖಕ ಸ್ಟ್ರಾಬೋ ಬರೆದಿದ್ದಾನೆ. ದಕ್ಷಿಣ ಫ್ರಾನ್ಸಿನ ಲೆ ಕೈಲಾರ್‌ನಲ್ಲಿ ಸಿಕ್ಕ ತಲೆಬುರುಡೆಯ ಚೂರುಗಳ ಮೇಲೆ ಮರದ ರಾಳದ ಗುರುತು ಇದೆ ಎಂದು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಚಿನ್ನಕ್ಕೂ ಕೊಡದ್ದನ್ನು ಯಾರಾದರೂ ಕಲ್ಲಿನ ಹಾಗೆ ಎಸೆಯುತ್ತಾರಾ?

ಆಟಕ್ಕೆ ಭಯ ಬೇಕು, ರೋಮಾಂಚನ ಬೇಕು, ಒಪ್ಪುತ್ತೇನೆ. ಅದು ಇತಿಹಾಸದಲ್ಲೇ ಬೇಕಾದಷ್ಟಿದೆ. ಆ ಆಟ ಬಂದ 2004ರಲ್ಲೇ ಫ್ರಾನ್ಸಿನ ಟ್ಯಾಂಟಿನ್ಯಾಕ್‌ನಲ್ಲಿ ಏಳು ಕಾರ್ನಿಕ್ಸ್‌ಗಳ ಭಾಗಗಳು ಸಿಕ್ಕವು. ಕಾರ್ನಿಕ್ಸ್ ಅಂದರೆ ಆಳೆತ್ತರದ ಕಂಚಿನ ಕಹಳೆ. ನೆಟ್ಟಗೆ ಹಿಡಿದು ಊದಬೇಕು, ತುದಿಯಲ್ಲಿ ಹೆಚ್ಚಾಗಿ ಬಾಯಿ ತೆರೆದ ಕಾಡುಹಂದಿಯ ತಲೆ. ಕ್ರಿ.ಪೂ. 225ರ ಟೆಲಮಾನ್ ಯುದ್ಧದಲ್ಲಿ ಲೆಕ್ಕವಿಲ್ಲದಷ್ಟು ಕಹಳೆಗಳು ಒಟ್ಟಿಗೆ ಕೂಗಿದಾಗ ಸುತ್ತಲಿನ ನೆಲವೇ ದನಿ ಎತ್ತಿದ ಹಾಗಿತ್ತು, ರೋಮನ್ನರು ಅಂಜಿದರು ಎಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಬರೆಯುತ್ತಾನೆ. ಸ್ಕಾಟ್ಲೆಂಡಿನ ಡೆಸ್ಕ್‌ಫರ್ಡ್‌ನಲ್ಲಿ ಸಿಕ್ಕ ಹಂದಿತಲೆಯನ್ನು ನೋಡಿ 1990ರ ದಶಕದಲ್ಲಿ ಹೊಸ ಕಾರ್ನಿಕ್ಸ್ ಮಾಡಿ ಊದಿಯೂ ಇದ್ದಾರೆ. ಮುಂದಿನ ಸಲ ಗಾಲರ ಸೈನ್ಯ ಗುಡ್ಡ ಇಳಿದು ಬರುವಾಗ ನನಗೆ ಆ ಸದ್ದು ಕೇಳಬೇಕು.

ವಿರೋಧ

ಕೋಟೆಯ ವಿಷಯದಲ್ಲಿ ನನ್ನ ತಕರಾರಿಲ್ಲ. ನೆಲ ಅಗೆದಾಗ ಸಿಕ್ಕ ಗೋಡೆಯನ್ನು, ಕಹಳೆಯನ್ನು ಆಟದಲ್ಲಿ ಧಾರಾಳವಾಗಿ ತೋರಿಸಲಿ. ಆದರೆ ಸಂಸ್ಕೃತಿ ಅಂದರೆ ಗೋಡೆ, ಕವಚ ಅಷ್ಟೇ ಅಲ್ಲವಲ್ಲ. ನಂಬಿಕೆ, ಹಬ್ಬ, ಮಾತು, ಸಾವಿನ ಪದ್ಧತಿ ಎಲ್ಲ ಸೇರಬೇಕು. ‘ಇದೇ ನಿಜವಾದ ಕೆಲ್ಟರು’ ಎಂದು ಆಟವೊಂದು ಹೇಳಲು ಹೊರಟರೆ, ಅದು ಊಹೆಯನ್ನು ಇತಿಹಾಸದ ಹೆಸರಲ್ಲಿ ಕೊಡಬೇಕಾಗುತ್ತದೆ.

ತಲೆಯ ಮಾತನ್ನೇ ತೆಗೆದುಕೊಳ್ಳಿ. ಸ್ಟ್ರಾಬೋ ಬರೆದದ್ದು ಗಾಲರ ಬಗ್ಗೆ. ಲೆ ಕೈಲಾರ್ ಇರುವುದು ಮೆಡಿಟರೇನಿಯನ್ ಕರಾವಳಿಯ ಹತ್ತಿರ. ಆದರೆ ಹೆಡ್ ಹರ್ಲರ್‌ಗಳು ಬ್ರಿಟನ್ನಿನ ಪಡೆ. ಗಾಲರ ಪದ್ಧತಿಯನ್ನು ಬ್ರಿಟನ್ನಿಗೆ ದಾಟಿಸಿ ‘ಕೆಲ್ಟರು ಹೀಗೆ’ ಅನ್ನುವುದು, ನೀಲಿ ಮೈಯನ್ನು ವಾಲೇಸ್‌ನ ಕಾಲಕ್ಕೆ ದಾಟಿಸಿದ ಹಾಗೇ ಆಯಿತಲ್ಲ. ಇನ್ನು ಐರ್ಲೆಂಡಿನ ಹಳೆಯ ಕಥೆಗಳಿಗೆ ಹೋದರೆ, ಸತ್ತ ವೀರನ ಮಿದುಳಿಗೆ ಸುಣ್ಣ ಬೆರೆಸಿ ಉಂಡೆ ಕಟ್ಟಿ, ಅದನ್ನು ಕೊಂಕೊಬಾರ್ ರಾಜನ ತಲೆಗೆ ಬೀಸಿ ಹೊಡೆಯುವ ಪ್ರಸಂಗವೇ ಇದೆ. ಇದರಲ್ಲಿ ಯಾವುದು ನಿಜವಾದ ಕೆಲ್ಟ್ ಪದ್ಧತಿ? ಬ್ರಿಟನ್ನಿನವರು ಕೆಲ್ಟರಿಗಿಂತ ಎತ್ತರ ಎಂದು ಸ್ಟ್ರಾಬೋನೇ ಇಬ್ಬರನ್ನೂ ಬೇರೆ ಬೇರೆ ಮಾಡಿ ಬರೆಯುತ್ತಾನೆ. ವೆಲ್ಷ್, ಐರಿಷ್, ಗಾಲರ ಮಾತಾದ ಗಾಲಿಷ್ ಎಲ್ಲ ಒಂದೇ ಕುಟುಂಬದ ಭಾಷೆಗಳು ಎಂದು ವಿದ್ವಾಂಸ ಎಡ್ವರ್ಡ್ ಲುಯಿಡ್ ತೋರಿಸಿದ್ದು 1707ರಲ್ಲಿ. ಭಾಷೆಯ ನಂಟು ನಿಜ. ಕನ್ನಡಕ್ಕೂ ಬಲೂಚಿಸ್ತಾನದ ಬ್ರಾಹುಯಿಗೂ ಅಂಥದೇ ನಂಟಿದೆ. ಹಾಗಂತ ಇಬ್ಬರ ಮದುವೆ, ಹಬ್ಬ ಒಂದೇ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಕೆಲ್ಟರ ಪುರೋಹಿತರಾದ ಡ್ರೂಯಿಡ್‌ಗಳ ವಿಷಯ ಇನ್ನೂ ಕಷ್ಟ. ಕೆಲವರು 20 ವರ್ಷ ಕೂತು ಬಾಯಿಪಾಠ ಮಾಡುತ್ತಿದ್ದರು, ಆ ವಿದ್ಯೆಯನ್ನು ಬರೆದಿಡಬಾರದು ಎಂದು ನಂಬಿದ್ದರು ಎಂದು ಸೀಸರ್ ಹೇಳುತ್ತಾನೆ. ಹಾಗಾಗಿ ಅವರದೇ ಮಾತಿನಲ್ಲಿ ನಮಗೆ ಉಳಿದದ್ದು ಏನೂ ಇಲ್ಲ. ಬಳ್ಳಿಯಿಂದ ಹೆಣೆದ ದೊಡ್ಡ ಬೊಂಬೆಯೊಳಗೆ ಜನರನ್ನು ತುಂಬಿ ಸುಡುತ್ತಿದ್ದರು ಎಂದು ಬರೆದವನೂ ಅವರನ್ನು ಗೆಲ್ಲಲು ಬಂದ ಅದೇ ಸೀಸರ್. ಆಟದಲ್ಲಿ ಅದನ್ನು ತೋರಿಸಿದರೆ ಶತ್ರುವಿನ ಮಾತಿಗೆ ಮುದ್ರೆ ಒತ್ತಿದ ಹಾಗೆ. ಬಿಟ್ಟರೆ ಇತಿಹಾಸ ತೊಳೆದ ಹಾಗೆ.

‘ಯುರೋಪಾ ಬಾರ್ಬರೋರಂ’ ಎಂಬ ಮಾಡ್ ಬಗ್ಗೆ ನನಗೆ ತುಂಬ ಗೌರವ ಇದೆ. ಮಾಡ್ ಅಂದರೆ ಇದ್ದ ಆಟವನ್ನೇ ಆಡುವವರು ಮಾರ್ಪಡಿಸಿ ಮಾಡಿದ್ದು; ಇದು ‘ರೋಮ್: ಟೋಟಲ್ ವಾರ್’ ಮೇಲೆ ಅಭಿಮಾನಿಗಳು ಪ್ರೀತಿಯಿಂದ ಕಟ್ಟಿದ್ದು. ಗಾಲರ ಏಡುಯಿ, ಅರ್ವೆರ್ನಿ ಬುಡಕಟ್ಟುಗಳಿಗೆ ಬೇರೆ ಬೇರೆ ಗುರುತು ಕೊಟ್ಟರು, ಪಡೆಗಳಿಗೆ ಅವರದೇ ಭಾಷೆಯ ಹೆಸರಿಟ್ಟರು. ಆದರೆ ಗಾಲಿಷ್ ಭಾಷೆಯಲ್ಲಿ ಉಳಿದಿರುವುದು ಹೆಚ್ಚಾಗಿ ಚಿಕ್ಕ ಚಿಕ್ಕ ಶಾಸನಗಳು. ಉಳಿದದ್ದನ್ನು ಇಂದಿನವರು ಊಹಿಸಿ ಕಟ್ಟಬೇಕು. ಯಾವ ಪದ ಕಲ್ಲಿನ ಮೇಲೆ ಸಿಕ್ಕಿದ್ದು, ಯಾವುದು ಕಟ್ಟಿದ್ದು ಎಂದು ಆಡುವವನಿಗೆ ಗೊತ್ತಾಗುವುದು ಹೇಗೆ? ‘ಸಿವಿಲೈಜೇಶನ್ 5’ ಆಟದಲ್ಲಿ ಹಳೆಯ ಬ್ರಿಟನ್ನಿನ ರಾಣಿ ಬೌಡಿಕಾ ಇಂದಿನ ವೆಲ್ಷ್ ಮಾತಾಡುತ್ತಾಳೆ. ಅದು ಅವಳ ಕಾಲದ ಮಾತಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಡ. ನೀಲಿ ಮೈಯವನ ನಿಜ ಏನೆಂದು ಮೇಲಿನ ಲೇಖಕರಿಗೂ ಒಂದು ದಿನ ತಿಳಿಯಿತು. ಆದರೆ ವಿದ್ವಾಂಸರ ಹೆಸರಲ್ಲಿ ಬಂದ ಊಹೆಯನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ನನ್ನ ಹೆದರಿಕೆ ಇದೇ.

1897ರಲ್ಲಿ ಫ್ರಾನ್ಸಿನ ಕೊಲಿನ್ಯಿಯಲ್ಲಿ ಒಂದು ಕಂಚಿನ ಪಂಚಾಂಗ ಚೂರುಚೂರಾಗಿ ಸಿಕ್ಕಿತು. ಗಾಲಿಷ್ ಭಾಷೆ, ರೋಮನ್ ಅಕ್ಷರ, ಐದು ವರ್ಷದ ಲೆಕ್ಕ. ನಮ್ಮ ಪಂಚಾಂಗದ ಹಾಗೆ ಅಧಿಕ ಮಾಸವೂ ಇದೆ. ಅದರ ಮೊದಲ ತಿಂಗಳು ಸಮೋನಿಯೋಸ್. ಪದದ ಬೇರು ನೋಡಿದರೆ ಬೇಸಿಗೆ ಅನ್ನಿಸುತ್ತದೆ. ಐರ್ಲೆಂಡಿನಲ್ಲಿ ಚಳಿಗಾಲ ಶುರುವಾಗುವಾಗ ಬರುವ ‘ಸಾವಿನ್’ (Samhain) ಹಬ್ಬದ ಜೊತೆ ಇಟ್ಟು ನೋಡಿದರೆ ಚಳಿಗಾಲದ ಬಾಗಿಲು. ವಿದ್ವಾಂಸರು ಎರಡೂ ಕಡೆ ಇದ್ದಾರೆ. ಪುಸ್ತಕದಲ್ಲಾದರೆ ಎರಡನ್ನೂ ಬರೆದು ಮುಂದೆ ಹೋಗಬಹುದು. ಆಟದಲ್ಲಿ ಹೊಸ ವರ್ಷದ ಹಬ್ಬಕ್ಕೆ ಹಿಂದೆ ಒಂದು ಚಿತ್ರ ಹಾಕಲೇಬೇಕು. ತೆನೆ ತುಂಬಿದ ಹೊಲ ಹಾಕುವುದೋ, ಎಲೆ ಉದುರಿದ ಮರ ಹಾಕುವುದೋ?