ಒಂದೂವರೆ ವರ್ಷದ ಸೂಜಿ, ಅರ್ಧ ಗಂಟೆಯ ಬಿಡುವು

ದಾವಣಗೆರೆಯಲ್ಲಿ ಎರಡು ವರ್ಷದ ಮಗುವಿನ ಯಾವ ತಾಯಿಯನ್ನಾದರೂ ಮಾತಾಡಿಸಿ ನೋಡಿ. ಹುಟ್ಟಿದಾಗ ತೂಕ ಎಷ್ಟಿತ್ತು, ಈಗ ಎಷ್ಟಿದೆ, ಯಾವ ಸೂಜಿಗೆ ಜ್ವರ ಬಂತು, ಎಲ್ಲ ಬಾಯಿಪಾಠ. ಮಗು ಏನನ್ನಾದರೂ ಬೊಟ್ಟು ಮಾಡಿ ತೋರಿಸುತ್ತಾ ಅಂತ ಕೇಳಿ. "ತೋರಿಸ್ತಾನೆ ಅನ್ಸುತ್ತೆ, ಅಷ್ಟು ಗಮನಿಸಿಲ್ಲ" ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಅದನ್ನು ಅವರಿಗೆ ಇಲ್ಲಿವರೆಗೂ ಯಾರೂ ಕೇಳಿಲ್ಲ, ಅಷ್ಟೆ. ಆದರೆ ಆಟಿಸಂನ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಬೇರೆ ಥರ ಬೆಳೆಯುವ ಸ್ಥಿತಿಯ ಮೊದಲ ಸುಳಿವು ಇಂಥದರಲ್ಲೇ ಸಿಗಬಹುದು.

ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಮಕ್ಕಳಿವೆ. ಹುಡುಗಿ ತಂತಿ ಮೇಲೆ ಕಾಗೆ ಕಂಡರೆ ಬೊಟ್ಟು ಮಾಡುತ್ತಾಳೆ, ಕೂಡಲೇ ತಿರುಗಿ ಅಮ್ಮನ ಮುಖ ನೋಡುತ್ತಾಳೆ. ಅಮ್ಮನೂ ನೋಡಿದಳಾ ಅನ್ನೋದು ಅವಳಿಗೆ ಕಾಗೆಗಿಂತ ಜಾಸ್ತಿ ಮುಖ್ಯ. ಹುಡುಗ ಹಾಗಲ್ಲ. ಮಂಡಕ್ಕಿ ಬೇಕಾದರೆ ಅಮ್ಮನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಆ ಕೈಯನ್ನು ಡಬ್ಬದ ಮುಚ್ಚಳದ ಮೇಲೆ ಇಡುತ್ತಾನೆ. ಅಮ್ಮನ ಮುಖ ನೋಡುವುದೇ ಇಲ್ಲ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಅಡುಗೆಮನೆಯಲ್ಲಿ ಬಿಸ್ಕತ್ ಪ್ಯಾಕೆಟ್ ಸದ್ದಾದರೆ ಓಡಿ ಬರುತ್ತಾನೆ. ಅವನಿಗೆ ಆಟಿಸಂ ಇದೆ ಅಂತ ಹೇಳೋಕೆ ನಾನು ಡಾಕ್ಟರಲ್ಲ. ಆದರೆ ಒಮ್ಮೆ ತೋರಿಸಿ ಅಂತ ಹೇಳೋಕೆ ಡಾಕ್ಟರೇ ಆಗಬೇಕಿಲ್ಲ ಅಲ್ವಾ?

ಅವರ ಮನೆಯಲ್ಲಿ ಸಿಕ್ಕ ಉತ್ತರ ನಿಮಗೂ ಗೊತ್ತಿರುತ್ತದೆ. "ಗಂಡು ಹುಡುಗ್ರು ತಡವಾಗೇ ಮಾತಾಡೋದು ಬಿಡಮ್ಮ. ಅವರಪ್ಪನೂ ಮೂರು ವರ್ಷ ಬಾಯಿ ಬಿಟ್ಟಿರಲಿಲ್ಲ." ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ನಡೆದೇ ಇದೆ. ದುಗ್ಗಮ್ಮನಿಗೆ ಹರಕೆಯೂ ಆಗಿದೆ. ಹರಕೆ ಬಗ್ಗೆ ನನ್ನದೇನೂ ತಕರಾರಿಲ್ಲ. ಎಲ್ಲರೂ ನಾಲಿಗೆಯನ್ನೇ ನೋಡುತ್ತಾ ಕೂತಿದ್ದಾರೆ ಅನ್ನೋದೇ ನನ್ನ ಬೇಸರ. ಮಾತು ಬರುವ ಮೊದಲೇ ಗೊತ್ತಾಗುವ ಸಂಗತಿಗಳಿವೆ. ವರ್ಷ ತುಂಬುವ ಹೊತ್ತಿಗೆ ಮಗು ಹೆಸರಿಗೆ ತಿರುಗಬೇಕು, ಟಾಟಾ ಮಾಡಬೇಕು, ಬೊಟ್ಟು ಮಾಡಲು ಶುರು ಮಾಡಬೇಕು. 16 ತಿಂಗಳಿಗೆ ಒಂದಾದರೂ ಪದ, ಎರಡು ವರ್ಷಕ್ಕೆ "ಅಮ್ಮ ಬಾ" ಥರ ಎರಡು ಪದ ಸೇರಿಸಿದ ಮಾತು. ಬಂದಿದ್ದ ಮಾತು ನಿಂತುಹೋದರಂತೂ ಯಾವ ವಯಸ್ಸೇ ಆಗಲಿ, ಕಾಯುವ ಹಾಗಿಲ್ಲ.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲ ಅಂತ ಬೈಯುವವರಿಗೆ ನಾನು ಪೂರ್ತಿ ಹೂಂ ಅನ್ನುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಬಂತು. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು, ಬೆಳವಣಿಗೆ ತಡವಾಗಿದೆಯಾ ಅನ್ನುವುದೂ ಅದರ ಕೆಲಸವೇ. ಆದರೆ ತಂಡ ಬಂದ ದಿನ ಒಂದೂವರೆ ವರ್ಷದ ಮಗು ಅಂಗನವಾಡಿಯಲ್ಲಿ ಇರಬೇಕಲ್ಲ! ಅಲ್ಲಿ ಕೂರುವುದು ಮೂರು ತುಂಬಿದ ಮಕ್ಕಳು. ಚಿಕ್ಕವರು ತೂಕಕ್ಕೆ, ಪೌಷ್ಟಿಕ ಆಹಾರದ ಪ್ಯಾಕೆಟ್‌ಗೆ ಬಂದು ಹೋಗುತ್ತಾರೆ, ಅದೂ ಅಜ್ಜಿಯ ಕಂಕುಳಲ್ಲಿ. ಇನ್ನು ಆಶಾ ಕಾರ್ಯಕರ್ತೆ ಚಿಕ್ಕ ಮಕ್ಕಳ ಮನೆಗೆ ಹೋಗುವ ಯೋಜನೆ ಇದೆ. 3, 6, 9, 12, 15ನೇ ತಿಂಗಳಿಗೆ. ಹದಿನೈದಕ್ಕೆ ಮುಗಿಯಿತು.

ಈಗ ಇದನ್ನು ನೋಡಿ. ಆಟಿಸಂ ಸಾಧ್ಯತೆ ಇದೆಯಾ ಎಂದು ಮೊದಲ ಹಂತದಲ್ಲಿ ನೋಡಲು ಜಗತ್ತಿನ ತುಂಬಾ ಬಳಸುವ ಎಂ-ಚಾಟ್ ಪ್ರಶ್ನಾವಳಿ 16ರಿಂದ 30 ತಿಂಗಳ ಮಕ್ಕಳಿಗೆ. ಅಂದರೆ ಮನೆಭೇಟಿ ನಿಂತ ಮೇಲೆ, ಅಂಗನವಾಡಿ ಶುರುವಾಗುವ ಮೊದಲು. ಸರಿಯಾಗಿ ನೋಡಬೇಕಾದ ಹೊತ್ತಲ್ಲೇ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ದಿನ ಬಿಟ್ಟು. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾದ ಎರಡನೇ ಡೋಸ್, ಡಿಪಿಟಿ ಬೂಸ್ಟರ್ ಇದೆ. ಆ ದಿನ ತಾಯಿ ಕಾರ್ಡ್ ಹಿಡಿದು ಅಮ್ಮನೇ ಬರುತ್ತಾಳೆ. ಸೂಜಿ ಆದಮೇಲೆ ಸಿಸ್ಟರ್ ಅರ್ಧ ಗಂಟೆ ಕೂರಿಸುತ್ತಾರೆ. ಆ ಅರ್ಧ ಗಂಟೆ ನಾವು ಏನು ಮಾಡುತ್ತೇವೆ? ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟು ಗೋಡೆಯ ಪೋಸ್ಟರ್ ಓದುತ್ತೇವೆ. ಎಂ-ಚಾಟ್‌ನಲ್ಲಿ ಇರುವುದು 20 ಪ್ರಶ್ನೆ, ಹೌದು-ಇಲ್ಲ ಉತ್ತರ. ಅನುಮಾನ ಹುಟ್ಟಿಸುವ ಪ್ರತಿ ಉತ್ತರಕ್ಕೆ ಒಂದು ಅಂಕ. ಅದೇ ಬೆಂಚಿನ ಮೇಲೆ ಮುಗಿಯುತ್ತದೆ. ಮೂರಕ್ಕಿಂತ ಕಡಿಮೆ ಅಂಕ ಬಂದರೆ ಸದ್ಯಕ್ಕೆ ಚಿಂತೆ ಇಲ್ಲ. ಎರಡು ವರ್ಷ ತುಂಬಿರದಿದ್ದರೆ ತುಂಬಿದ ಮೇಲೆ ಇನ್ನೊಮ್ಮೆ ಕೇಳಬೇಕು. ಮೂರು ಅಥವಾ ಜಾಸ್ತಿ ಬಂದರೆ ಮುಂದಿನ ಪರೀಕ್ಷೆ. ಅದು ಕಾಯಿಲೆ ಇದೆ ಎಂಬ ತೀರ್ಪಲ್ಲ. ಅಂಕ ಜಾಸ್ತಿ ಬಂದರೂ ಆಟಿಸಂ ಇರದ ಮಕ್ಕಳಿದ್ದಾರೆ.

ಹೀಗೆಂದರೆ ಒಬ್ಬರಾದರೂ ಕೇಳುತ್ತಾರೆ, ಆ ಸೂಜಿಯಿಂದಲೇ ಆಟಿಸಂ ಬರೋದಲ್ವಾ ಅಂತ. ಇಲ್ಲ. 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಯ ಬಗ್ಗೆ ಹಾಗೆ ಅನುಮಾನ ಹುಟ್ಟಿಸಿದ. 2010ರಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸ್ ಪಡೆಯಿತು, ಆತನ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದರು. ಲಕ್ಷಣ ಎದ್ದು ಕಾಣುವ ವಯಸ್ಸೂ ಈ ಲಸಿಕೆಯ ವಯಸ್ಸೂ ಒಂದೇ ಆಗಿದ್ದಕ್ಕೆ ಹುಟ್ಟಿದ ಗೊಂದಲ ಅದು. ಎರಡೂ ಒಂದೇ ವಯಸ್ಸಿಗೆ ಬರುತ್ತವೆ ಅಂದಮೇಲೆ ಆ ದಿನವೇ ಕೇಳಿಬಿಡೋಣ ಅನ್ನೋದು ನನ್ನ ವಾದ.

ಮೊಬೈಲ್ ಬಂದ್ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನೋ ಮಾತೂ ಈಗ ಜಾಸ್ತಿ ಕೇಳುತ್ತಿದೆ. ಬಂದ್ ಮಾಡಿ, ಒಳ್ಳೆಯದೇ. ಅದು ಕೆಲಸ ಮಾಡುತ್ತಾ ನೋಡೋಣ ಅಂತ ಆರು ತಿಂಗಳು ತಳ್ಳಬೇಡಿ.

ಲಸಿಕೆಯ ದಿನ ಈ ಪ್ರಶ್ನೆ ಕೇಳುವ ಕೆಲಸವನ್ನೂ ಕೊಟ್ಟು ಆಶಾಗಳ ಮೇಲೆ ಇನ್ನೊಂದು ಹೊರೆ ಹಾಕಬೇಕಾ ಅನ್ನುವ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಗೌರವಧನಕ್ಕೇ ಅವರು ಬೀದಿಗಿಳಿಯಬೇಕಾದ ರಾಜ್ಯ ನಮ್ಮದು. ಸುಮ್ನೆ ಒಂದು ಫಾರಂ ಕೈಗಿಟ್ಟು ತುಂಬಿ ಅಂದರೆ ಮನೆಯಲ್ಲೇ ಕೂತು ಇಪ್ಪತ್ತಕ್ಕೂ ಟಿಕ್ ಹಾಕಿ ಕೊಡುತ್ತಾರೆ, ನಾನಾದರೂ ಹಾಗೇ ಮಾಡುತ್ತಿದ್ದೆ. ಲಸಿಕೆಗೆ ಇರುವ ಹಾಗೆ ಇದಕ್ಕೂ ಪ್ರೋತ್ಸಾಹಧನ ಇಡಬೇಕು, ತರಬೇತಿ ಕೊಡಬೇಕು.

ಸರ್ಕಾರ ಮಾಡುವವರೆಗೆ ಮಗು ಕಾಯುವುದಿಲ್ಲ. ಅನುಮಾನ ಇದ್ದವರು ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳದ ಮಗುವೂ ಕೂಗಿದರೆ ತಿರುಗುವುದಿಲ್ಲ. ಆಮೇಲೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ "ಮಾತು ಬಂದಿಲ್ಲ" ಅಂತ ಅಷ್ಟೇ ಹೇಳಬೇಡಿ. ಕೈ ಹಿಡಿದು ಎಳೆಯುವುದು, ಮುಖ ನೋಡದಿರುವುದು, ಎಲ್ಲ ಹೇಳಿ. ಸಾಧ್ಯವಾದರೆ ಒಂದು ನಿಮಿಷದ ವಿಡಿಯೋ ಮಾಡಿಕೊಂಡು ಹೋಗಿ, ಡಾಕ್ಟರ್ ಎದುರು ಮಕ್ಕಳು ಮನೆಯಲ್ಲಿದ್ದ ಹಾಗೆ ಇರುವುದಿಲ್ಲ. ಎಲ್ಲದಕ್ಕೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕೆಂದೇನಿಲ್ಲ. ಅಂಗವಿಕಲರ ಪುನರ್ವಸತಿಗೆಂದೇ ಇರುವ ಕೇಂದ್ರ ಸರ್ಕಾರದ ಸಿಆರ್‌ಸಿ ನಮ್ಮ ದಾವಣಗೆರೆಯಲ್ಲೇ ಇದೆ. ಜಗಳೂರು, ಹೊಳಲ್ಕೆರೆ ಕಡೆಯವರು ಬೆಳಗಿನ ಬಸ್ಸಿಗೆ ಬಂದು ಸಂಜೆ ಮನೆ ಸೇರಬಹುದು.