ದೃಷ್ಟಿ ತರಲು ಹೋದ ಧಣಿಗಳು

ನಮ್ಮ ಕಡೆ ಅಂಗಡಿಗೆ ದೃಷ್ಟಿ ಬಿದ್ದರೆ ಬೂದುಗುಂಬಳಕಾಯಿ ಒಡೆಯುತ್ತಾರೆ. ಆಯುಧಪೂಜೆ ಮರುದಿನ ಬೆಂಗಳೂರಿನ ರಸ್ತೆಯಲ್ಲಿ ಸ್ಕೂಟರ್ ಸಮೇತ ಜಾರಿ ಬಿದ್ದವರಿಗೆ ಇದು ಚೆನ್ನಾಗಿ ಗೊತ್ತು. ಈಗಿನ ಕಂಪನಿ ಧಣಿಗಳದ್ದು ಉಲ್ಟಾ. ದುಡ್ಡು ಕೊಟ್ಟು ಕೊಡಗಿಗೆ ಹೋಗಿ, ಹೋಮ್‌ಸ್ಟೇ ಜಗಲಿಯಲ್ಲಿ ಕೂತು, ದೃಷ್ಟಿ ತರುತ್ತಾರೆ. ಅದೂ ಹೊಸದು, ವ್ಯವಹಾರ ನೋಡುವ ದೃಷ್ಟಿ.

ಈ ವಾರ ಜಾಲತಾಣದಲ್ಲಿ ಅಂಥ ಇನ್ನೊಬ್ಬ ಧಣಿಯ ಫೋಟೊ ಬಂತು. ಬರಿಗಾಲು, ಹಿಂದೆ ಕಾಫಿ ತೋಟ, ಮಂಜು. ಕೆಳಗೆ ಮಾರುದ್ದದ ಬರಹ. ಹತ್ತು ದಿನ ವ್ಯವಹಾರದಿಂದ ದೂರ ಇದ್ದರಂತೆ, ಆಗ ಎಲ್ಲ ಸ್ಪಷ್ಟವಾಗಿ ಕಂಡಿತಂತೆ. ಕಾಣದೆ ಏನು ಸ್ವಾಮಿ? ದೂರದ ಬೆಟ್ಟ ನುಣ್ಣಗೆ ಅಂತ ನಮ್ಮ ಅಜ್ಜಿಯರು ಹೇಳಿದ್ದು ಎಚ್ಚರಿಕೆಗೆ. ಇವರು ಅದನ್ನೇ ಕಂಪನಿ ನಡೆಸುವ ಸೂತ್ರ ಮಾಡಿಕೊಂಡಿದ್ದಾರೆ.

ಈ ಪಂಥದ ದೊಡ್ಡ ಗುರು ಜಾಕ್ ಡಾರ್ಸಿ. 2018ರಲ್ಲಿ, ಟ್ವಿಟರ್ ಮುಖ್ಯಸ್ಥರಾಗಿದ್ದಾಗಲೇ, ಮ್ಯಾನ್ಮಾರ್‌ಗೆ ಹೋಗಿ ಹತ್ತು ದಿನ ವಿಪಸ್ಸನ ಎಂಬ ಮೌನ ಧ್ಯಾನ ಮಾಡಿದರು. ಮಾತಿಲ್ಲ, ಫೋನಿಲ್ಲ, ಪುಸ್ತಕವೂ ಇಲ್ಲ. ಹೊರಬಂದವರು ಸಾಲು ಸಾಲು ಟ್ವೀಟ್ ಮಾಡಿದರು. 117 ಸಲ ಸೊಳ್ಳೆ ಕಚ್ಚಿತಂತೆ. ಉಸಿರು ಗಮನಿಸು ಅಂದರೆ ಈ ಮಹಾನುಭಾವರು ಕಡಿತ ಎಣಿಸಿಕೊಂಡು ಬಂದಿದ್ದಾರೆ! ಬೆಳ್ಳಂದೂರು ಕೆರೆ ದಂಡೆಯಲ್ಲಿ ಸಂಜೆ ಅರ್ಧ ಗಂಟೆ ಕೂತಿದ್ದರೆ ಅಷ್ಟೂ ಲೆಕ್ಕ ಮುಗಿಯುತ್ತಿತ್ತು, ವಿಮಾನದ ಚಾರ್ಜೂ ಉಳಿಯುತ್ತಿತ್ತು. ಆ ದೇಶ ತುಂಬ ಚೆಂದ, ಜನ ಖುಷಿಯಾಗಿದ್ದಾರೆ ಅಂತಲೂ ಬರೆದರು. ಹಿಂದಿನ ವರ್ಷ ಅಲ್ಲಿಂದಲೇ ಏಳು ಲಕ್ಷ ರೋಹಿಂಗ್ಯಾಗಳು ಜೀವ ಹಿಡಿದುಕೊಂಡು ಬಾಂಗ್ಲಾದೇಶಕ್ಕೆ ಓಡಿದ್ದರು. ಅದು ಆ ಟ್ವೀಟ್‌ಗಳಲ್ಲಿ ಬರಲಿಲ್ಲ. ಸೊಳ್ಳೆ ಬಂತು.

ಇರಲಿ, ನಮ್ಮ ಊರಿಗೆ ಬರೋಣ. 2023ರಲ್ಲಿ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ಭಾನುವಾರ ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡುತ್ತೀರಿ ಅಂತ ಕೇಳಿದ್ದು ನೆನಪಿದೆ ಅಲ್ವಾ? ಹೆಂಡತಿ ಮುಖ ನೋಡಿದರೆ ಟೈಮ್ ವೇಸ್ಟ್, ಬೆಟ್ಟದ ಮುಖ ನೋಡಿದರೆ ಹೊಸ ದೃಷ್ಟಿ. ಅದೇ ವರ್ಷ ನಮ್ಮ ಸರ್ಕಾರವೂ ಹಿಂದೆ ಬೀಳಲಿಲ್ಲ. ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆ ಮಾಡೋಣ ಅಂತ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಲು ಹೊರಟಿತು. ಎಷ್ಟಾದರೂ ಧಣಿ ಬೆಟ್ಟದ ಮೇಲಿರುವಾಗ ಕೆಳಗೆ ಯಾರಾದರೂ ದೀಪ ಹಚ್ಚಿಕೊಂಡು ಕೂರಬೇಕಲ್ಲ.

ನಮ್ಮ ಬೀದಿಯ ದಿನಸಿ ಅಂಗಡಿ ಶೆಟ್ಟರಿಗೂ ಸುಮ್ನೆ ಹೇಳಿ ನೋಡಿದೆ. "ನೀವೂ ಹತ್ತು ದಿನ ಎಲ್ಲಾದರೂ ಹೋಗಿ ಬನ್ನಿ ಶೆಟ್ರೇ, ವ್ಯಾಪಾರ ಬೇರೆ ಥರ ಕಾಣುತ್ತದಂತೆ."

"ಒಂದು ದಿನ ಬಾಗಿಲು ಹಾಕಿದ್ರೆ ಗಿರಾಕಿ ಆ್ಯಪ್‌ಗೆ ಹೋಗ್ತಾರೆ ಸ್ವಾಮಿ. ತಿರುಪತಿ ಕ್ಯೂನಲ್ಲಿ ನಿಂತಾಗ್ಲೂ ಉದ್ರಿ ಲೆಕ್ಕ ಹಾಕ್ತಿದ್ದೆ," ಎಂದು ಬೇಳೆ ತೂಗತೊಡಗಿದರು.

ಆ ಆ್ಯಪ್‌ನಿಂದ ಹತ್ತು ನಿಮಿಷಕ್ಕೆ ಸಾಮಾನು ತರುವ ಹುಡುಗ ಇನ್ನೂ ಸ್ವಲ್ಪ ಕೆಳಗೆ. ಅವನು ಆ್ಯಪ್ ಆಫ್ ಮಾಡಿದ ಗಂಟೆಗೆ ದುಡ್ಡಿಲ್ಲ. ಸಿಗ್ನಲ್‌ನಲ್ಲಿ ಕಾಯುವ 90 ಸೆಕೆಂಡೇ ಅವನ ವಿಪಸ್ಸನ.

ಫೋಟೊದ ಧಣಿ ಸೋಮವಾರ ಆಫೀಸಿಗೆ ವಾಪಸಾದರು. ಬೆಟ್ಟದಲ್ಲಿ ಕಂಡದ್ದೇನೆಂದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಜನ ಜಾಸ್ತಿಯಾಗಿದ್ದಾರೆ. ಹನ್ನೊಂದು ಮಂದಿಯ ಲ್ಯಾಪ್‌ಟಾಪ್ ಸಂಜೆಯೊಳಗೆ ವಾಪಸ್ ತೆಗೆದುಕೊಂಡರು. ಅವರಲ್ಲಿ ಒಬ್ಬಳು, ಧಣಿ ಇಲ್ಲದ ಆ ಹತ್ತೂ ದಿನ ರಾತ್ರಿ ಹನ್ನೊಂದರವರೆಗೆ ಕೂತವಳು. ಇಎಂಐ ಬೇರೆ ಇದೆ. ನನಗೆ ಇದರಲ್ಲಿ ತಮಾಷೆ ಮಾಡುವುದಕ್ಕೆ ಏನೂ ಉಳಿದಿಲ್ಲ. ಒಂದೇ ಅನುಮಾನ. ಹತ್ತು ದಿನ ಧಣಿ ಇಲ್ಲದೆಯೂ ಕಂಪನಿ ನಡೆಯಿತಲ್ಲ? ಹಾಗಾದರೆ ಜಾಸ್ತಿಯಾದವರು ಯಾರು ಅನ್ನುವುದು ಅಷ್ಟು ಎತ್ತರದಿಂದಲೂ ಕಾಣಲಿಲ್ಲವೇ?